ಕಿವಿ ಮೇಸ್ತ್ರಿ ಮತ್ತು ಕೊನೆಯ ಟೆಲಿಪ್ರಿಂಟರ್

ಆ ಹೆಸರು ಅವನಿಗೆ ಬಂದದ್ದು ಒಂದು ಕೆಮ್ಮಿನಿಂದ. ಕೆಮ್ಮಿದ್ದು ಮನುಷ್ಯನಲ್ಲ, ಮಷೀನು.

ತಂತಿ ಕಚೇರಿಯ ಮೇಲಿನ ಮಹಡಿಯಲ್ಲಿ ಟೆಲಿಪ್ರಿಂಟರುಗಳು ಎರಡು ಸಾಲಾಗಿ ಕೂತು ಬೆಳಗಿನಿಂದ ಸಂಜೆಯವರೆಗೆ ಬಡಿದುಕೊಳ್ಳುತ್ತಿದ್ದ ಕಾಲ ಅದು. ಆ ಕೋಣೆಗೆ ಕಾಲಿಟ್ಟರೆ ಪಕ್ಕದವರ ಮಾತು ಕೇಳಿಸಬೇಕಾದರೂ ಅವರ ಬಾಯಿಗೇ ಕಿವಿ ಹಚ್ಚಬೇಕಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಮೆಕ್ಯಾನಿಕ್ ಒಂದು ದಿನ ಮೆಟ್ಟಿಲು ಹತ್ತಿ ಬಂದವನು, ಇನ್ನೂ ಬಾಗಿಲು ದಾಟುವ ಮೊದಲೇ, “ಕಿಟಕಿ ಪಕ್ಕದ್ದು ಕೆಮ್ತಾ ಇದೆ” ಅಂದ. ಸೂಪರ್‌ವೈಸರ್ ನಕ್ಕುಬಿಟ್ಟರು. “ಈ ಗಲಾಟೇಲಿ ನನ್ನ ಹೊಟ್ಟೆ ಗುರ್ ಅಂದ್ರೆ ನನಗೇ ಕೇಳಿಸಲ್ಲ. ನಿನಗೆ ಕೆಮ್ಮು ಕೇಳಿಸ್ತಾ?” ಅಂದರು. ಊಟದ ಹೊತ್ತಿಗೆ ಕಿಟಕಿ ಪಕ್ಕದ ಮಷೀನು ಕಾಗದ ಜಗಿದು ನಿಂತುಬಿಟ್ಟಿತು. ಅವತ್ತಿನಿಂದ ಅವನು ಕಿವಿ ಮೇಸ್ತ್ರಿ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ಏನನ್ನೇ ಕಂಡರೂ ಒಳಗೇನಿದೆ ಎಂದು ನೋಡದೆ ಬಿಡುವ ಜಾಯಮಾನ ಅವನದಲ್ಲ. ಚಿಕ್ಕಂದಿನಲ್ಲಿ ಗೋಡೆ ಗಡಿಯಾರ ಬಿಚ್ಚಿಹಾಕಿ ಅಪ್ಪನ ಕೈಲಿ ಕಿವಿ ಹಿಂಡಿಸಿಕೊಂಡಿದ್ದ. ಮುಂದೆ ಅದೇ ಕಿವಿ ಅನ್ನ ಹಾಕುತ್ತದೆಂದು ಅಪ್ಪನಿಗೇನು ಗೊತ್ತು, ಪಾಪ. ಕೆಲಸಕ್ಕೆ ಸೇರಿದ ಮೊದಲ ವಾರ ಟೆಲಿಪ್ರಿಂಟರಿನ ಮುಚ್ಚಳ ತೆಗೆದು ಒಳಗೆ ಇಣುಕಿದವನು ಊಟವನ್ನೇ ಮರೆತಿದ್ದ.

ಹೊರಗಿನಿಂದ ನೋಡಿದರೆ ಅದು ಮೈ ಬಂದ ಟೈಪ್‌ರೈಟರು, ಅಷ್ಟೆ. ಆದರೆ ಇಲ್ಲಿ ಒಂದು ಕೀಲಿ ಒತ್ತಿದರೆ ಎಲ್ಲೋ ಬೇರೆ ಊರಿನಲ್ಲಿರುವ ಇನ್ನೊಂದು ಮಷೀನು, ಯಾರೂ ಮುಟ್ಟದೆ, ತಾನಾಗಿ ಅದೇ ಅಕ್ಷರ ಹೊಡೆಯುತ್ತದೆ. ನಡುವೆ ಇರುವುದು ಒಂದು ತಂತಿ. ಅದರಲ್ಲಿ ಪ್ರತಿ ಅಕ್ಷರಕ್ಕೂ ಐದು ಮಿಡಿತಗಳು ಒಂದರ ಹಿಂದೊಂದು ಹೋಗುತ್ತವೆ. ಪ್ರತಿಯೊಂದೂ ‘ಇದೆ’ ಅಥವಾ ‘ಇಲ್ಲ’, ಬೇರೆ ಮಾತಿಲ್ಲ. ಆ ತುದಿಯಲ್ಲಿ ಉಕ್ಕಿನ ಐದು ಪಟ್ಟಿಗಳು ಪಕ್ಕಪಕ್ಕದಲ್ಲಿ ಕಾದಿರುತ್ತವೆ. ‘ಇದೆ’ ಎಂದರೆ ಪಟ್ಟಿ ಕೊಂಚ ಸರಿಯುತ್ತದೆ, ‘ಇಲ್ಲ’ ಎಂದರೆ ಇದ್ದಲ್ಲೇ ಇರುತ್ತದೆ. ಪಟ್ಟಿಗಳ ಅಂಚಿನಲ್ಲಿ ಉದ್ದಕ್ಕೂ ಕಚ್ಚು ಕೊರೆದಿರುತ್ತಾರೆ. ಐದೂ ಸರಿದು ನಿಂತಾಗ ಕಚ್ಚುಗಳೆಲ್ಲ ನೇರ ಸಾಲಿಗೆ ಬರುವುದು ಒಂದೇ ಒಂದು ಜಾಗದಲ್ಲಿ. ಆ ಸಂದಿಗೆ ಒಂದು ಸಣ್ಣ ಕಡ್ಡಿ ಟಪ್ಪನೆ ಬೀಳುತ್ತದೆ, ಬಿದ್ದ ಕಡ್ಡಿ ತನ್ನ ಅಕ್ಷರವನ್ನು ಎತ್ತಿ ಕಾಗದಕ್ಕೆ ಬಡಿಯುತ್ತದೆ. ಯೋಚಿಸುವ ಕೆಲಸವನ್ನೆಲ್ಲ ಕಚ್ಚುಗಳೇ ಮಾಡಿ ಮುಗಿಸಿರುತ್ತವೆ.

ಮೇಸ್ತ್ರಿಗೆ ಅದಕ್ಕಿಂತ ಹೆಚ್ಚು ಸೋಜಿಗವೆನಿಸಿದ್ದು ಇನ್ನೊಂದು. ಎರಡು ಊರಿನ ಎರಡು ಮೋಟಾರು ಕೂದಲಷ್ಟೂ ವ್ಯತ್ಯಾಸವಿಲ್ಲದೆ ಒಂದೇ ವೇಗದಲ್ಲಿ ತಿರುಗುವುದು ಸಾಧ್ಯವೇ ಇಲ್ಲ. ಹಾಗಿದ್ದರೂ ಅಕ್ಷರ ತಪ್ಪುವುದಿಲ್ಲವಲ್ಲ, ಹೇಗೆ? ಯಾವನೋ ಪುಣ್ಯಾತ್ಮ ಅದಕ್ಕೊಂದು ಉಪಾಯ ಹೂಡಿದ್ದ. ಪ್ರತಿ ಅಕ್ಷರಕ್ಕೂ, ಮಿಡಿತಗಳನ್ನು ಹಿಡಿಯುವ ಒಳಗಿನ ದಂಡ ಹೊಸದಾಗಿ ಹೊರಡುತ್ತದೆ, ಒಂದು ಸುತ್ತು ಸುತ್ತುತ್ತದೆ, ಒಂದು ಕೊಕ್ಕೆಗೆ ಬಡಿದು ನಿಲ್ಲುತ್ತದೆ. ಮುಂದಿನ ಅಕ್ಷರ ಬಂದರೆ ಮತ್ತೆ ಹೊಸದಾಗಿ ಹೊರಡುತ್ತದೆ. ಹಿಂದಿನ ಅಕ್ಷರದಲ್ಲಿ ಆದ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು, ಮುಂದಿನದಕ್ಕೆ ದಾಟುವುದಿಲ್ಲ. ಇದು ಅರ್ಥವಾದ ದಿನ ಅವನು ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿಕೊಂಡು ಹೇಳಿದ. ಕ್ಯಾಂಟೀನಿನವನು ಕೂಡ ಕೇಳಿಸಿಕೊಂಡ, ಅಂದರೆ ಅವನ ಉತ್ಸಾಹ ಎಷ್ಟಿತ್ತೆಂದು ತಿಳಿಯಿರಿ.

ಮಷೀನುಗಳ ಮುಂದೆ ಕೂತು ಟೈಪು ಮಾಡುವವರಲ್ಲಿ ಒಬ್ಬ ಹುಡುಗಿಯಿದ್ದಳು. ಅವಳ ಬೆರಳು ಓಡಿದರೆ ನಡುವೆ ಎಲ್ಲೂ ಬಿರುಕಿರುತ್ತಿರಲಿಲ್ಲ. ಮೇಸ್ತ್ರಿ ಬೇರೆ ಮಷೀನಿನ ಹೊಟ್ಟೆಯಲ್ಲಿ ತಲೆ ತೂರಿಸಿಕೊಂಡಿದ್ದರೂ ಅವಳು ರಜೆ ಹಾಕಿದ ದಿನ ಅವನಿಗೆ ಗೊತ್ತಾಗುತ್ತಿತ್ತು. ಅವಳ ಮಷೀನಿಗೆ ಬೇಕಿರಲಿ ಬೇಡದಿರಲಿ ಎಣ್ಣೆ ಬಿಡುತ್ತಲೇ ಇದ್ದ. ಕೊನೆಗೆ ಅವಳೇ, “ಇನ್ನೂ ಎಣ್ಣೆ ಬಿಟ್ರೆ ತಂತಿಯೆಲ್ಲ ಜಾರಿ ಹೋಗುತ್ತೆ. ಹೇಳೋದೇನಿದ್ರೂ ಬಾಯ್ಬಿಟ್ಟು ಹೇಳ್ಬಾರ್ದಾ?” ಅಂದಳು. ಬಾಯ್ಬಿಟ್ಟ. ಮದುವೆಯಾಯಿತು. ಆ ಮೇಲೆ ಕೋಣೆಯವರೆಲ್ಲ ಅವಳನ್ನು ಆಪರೇಟರಮ್ಮ ಎಂದು ಕರೆಯತೊಡಗಿದರು.

ಕಾಲ ಯಾರಪ್ಪನ ಮನೆಯ ಆಳೂ ಅಲ್ಲವಲ್ಲ. ತಂತಿ ಕಳಿಸುವವರು ಕಡಿಮೆಯಾದರು, ಆಮೇಲೆ ಇಲ್ಲವಾದರು. ಮಷೀನುಗಳನ್ನು ತೂಕಕ್ಕೆ ಹಾಕಿ ಲಾರಿಗೆ ತುಂಬಿದ ದಿನ ಮೇಸ್ತ್ರಿ ಕಚೇರಿಯ ಹಿಂದಿನ ಬಾಗಿಲಿನಿಂದ ಮನೆಗೆ ಹೋದ. ಮುಂದಿನ ಬಾಗಿಲಲ್ಲಿ ಲಾರಿ ನಿಂತಿತ್ತು. ಆಮೇಲೆ ಹೊಲಿಗೆ ಮಷೀನು, ನೀರಿನ ಪಂಪು, ಮಿಕ್ಸಿ ಎಂದು ಕೈಗೆ ಸಿಕ್ಕಿದ್ದನ್ನು ರಿಪೇರಿ ಮಾಡಿಕೊಂಡು ದಿನ ದೂಡಿದ. ಅವೂ ಸದ್ದು ಮಾಡುವ ವಸ್ತುಗಳೇ. ಆದರೆ ಬರಬರುತ್ತ ಅವುಗಳ ಸದ್ದು ಕಡಿಮೆಯಾಗುತ್ತಿದೆ ಎಂದು ಅವನಿಗೆ ಅನ್ನಿಸತೊಡಗಿತು.

“ಈಗಿನ ಪಂಪುಗಳು ವಾಸಿ ಕಣೇ, ಸದ್ದೇ ಇಲ್ಲ” ಅನ್ನುತ್ತಿದ್ದ. ಪಂಪು ಇಡೀ ಬೀದಿಗೆ ಕೇಳುವಂತೆ ಅರಚುತ್ತಿರುತ್ತಿತ್ತು. ರೇಡಿಯೋ ಸ್ಟೇಷನ್ನಿನವರು ಸರಿಯಿಲ್ಲ ಎಂದ. ಬೀದಿಯ ನಾಯಿಗಳಿಗೆ ವಯಸ್ಸಾಯಿತು ಎಂದ. ಮಗಳು ಗಂಡನ ಮನೆಯಿಂದ ಫೋನು ಮಾಡಿದರೆ, “ನೀನು ಯಾಕೆ ಈಚೆಗೆ ಗೊಣಗ್ತೀಯಾ?” ಎಂದು ರೇಗಿದ. ಒಟ್ಟಿನಲ್ಲಿ ಜಗತ್ತೆಲ್ಲ ಮೆತ್ತಗಾಗಿತ್ತು, ಅವನ ಕಿವಿ ಮಾತ್ರ ಸರಿಯಾಗಿತ್ತು. ಕಿವಿಯ ಡಾಕ್ಟರ ಹೆಸರೆತ್ತಿದರೆ ಪಿತ್ತ ನೆತ್ತಿಗೇರುತ್ತಿತ್ತು. “ಕಿವಿ ಮೇಸ್ತ್ರಿ ಕಿವಿ ಡಾಕ್ಟರ ಮುಂದೆ ಕ್ಯೂ ನಿಂತ ಅಂತ ಜನ ಆಡಿಕೊಳ್ಳಲಾ? ಜಪ್ಪಯ್ಯ ಅಂದ್ರೂ ಬರಲ್ಲ” ಅಂದ.

ಹೊರಗಿನವರಿಗೆ ಇದು ಗೊತ್ತಾಗಲೇ ಇಲ್ಲ. ಕಿವುಡರು ಜೋರಾಗಿ ಮಾತಾಡುತ್ತಾರೆ ಎಂದು ಜನರ ಎಣಿಕೆ. ಮೇಸ್ತ್ರಿಯಾದರೋ ಮೊದಲಿಗಿಂತ ಮೆಲ್ಲಗೆ ಮಾತಾಡುತ್ತಿದ್ದ. ತನ್ನ ಮಾತು ತನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಗಟ್ಟಿ ಕ್ಯಾರೆಟ್ ಕಡಿದರೆ ತಲೆಯೊಳಗೆ ಕಲ್ಲು ಒಡೆದಂತಾಗುತ್ತಿತ್ತು. ಅದೇಕೆ ಹಾಗೆ ಎಂದು, ಎಲ್ಲದರ ಒಳಗೂ ಮೂಗು ತೂರಿಸುವ ಆ ಮನುಷ್ಯ ಒಂದು ದಿನವೂ ಯೋಚಿಸಲಿಲ್ಲ. ಯೋಚಿಸಿದರೆ ಕಿವಿ ಹೋಗಿದೆ ಎಂದು ಒಪ್ಪಿಕೊಂಡಂತಾಗುತ್ತಿತ್ತಲ್ಲ.

ದಾರಿ ಹುಡುಕಿದವಳು ಆಪರೇಟರಮ್ಮ. ತಂತಿ ಕಚೇರಿಯಲ್ಲಿ ಸಂದೇಶಗಳನ್ನು ಮೊದಲು ಕಾಗದದ ಪಟ್ಟಿಯ ಮೇಲೆ ತೂತು ಹೊಡೆದು ಇಟ್ಟುಕೊಳ್ಳುತ್ತಿದ್ದರು: ಒಂದು ಅಕ್ಷರಕ್ಕೆ ಒಂದು ಅಡ್ಡಸಾಲು, ಅದರಲ್ಲಿ ಐದು ಜಾಗ, ಎಲ್ಲೆಲ್ಲಿ ‘ಇದೆ’ಯೋ ಅಲ್ಲಲ್ಲಿ ತೂತು. ಇವರಿಬ್ಬರೂ ಸೇರಿ ಅಲ್ಲಿ ಪಳಗಿದವರೆಲ್ಲ ಆ ಪಟ್ಟಿಯನ್ನು ಪತ್ರಿಕೆ ಓದಿದಂತೆ ಓದುತ್ತಿದ್ದರು. ಐದು ತೂತು, ಕೈಯಲ್ಲಿ ಐದು ಬೆರಳು. ಒಂದು ದಿನ ತರಕಾರಿ ಅಂಗಡಿಯಲ್ಲಿ ಅಂಗಡಿಯವನು ಕೇಳಿದ್ದೊಂದು ಗಂಡ ಹೇಳಿದ್ದೊಂದು ಆಗಿ ತಬ್ಬಿಬ್ಬಾದಾಗ, ಅವಳು ಅವನ ಹೆಗಲ ಮೇಲೆ ಕೈಯಿಟ್ಟು ಅಕ್ಷರ ಅಕ್ಷರವಾಗಿ ಬೆರಳು ಒತ್ತಿದಳು. ಮೇಸ್ತ್ರಿ ಒಂದು ಕ್ಷಣ ಬೆಚ್ಚಿ, ಆಮೇಲೆ ಅಂಗಡಿಯವನಿಗೆ ಸರಿಯಾಗಿ ಉತ್ತರ ಕೊಟ್ಟ. ಅಲ್ಲಿಂದ ಅದೇ ಅವರ ಲೈನಾಯಿತು. ಪಟ್ಟಿಯಲ್ಲಿ ತಪ್ಪು ಅಕ್ಷರ ಬಿದ್ದರೆ ಐದೂ ತೂತು ಹೊಡೆದು ಅಳಿಸುವುದು ಅವರ ಕಸುಬಿನ ರೂಢಿ. ಮನೆಯಲ್ಲಿ ಜಗಳವಾಡುವಾಗ ಮಾತು ಮೀರಿತು ಅನ್ನಿಸಿದರೆ ಆಪರೇಟರಮ್ಮ ಐದೂ ಬೆರಳು ಒಟ್ಟಿಗೆ ಒತ್ತುತ್ತಿದ್ದಳು. ಅಲ್ಲಿಗೆ ಆ ಮಾತು ಆಡಿಲ್ಲವೆಂದು ಲೆಕ್ಕ. ಬೀದಿಯಲ್ಲಿ ನೋಡಿದವರು ಮಾತ್ರ, “ಈ ವಯಸ್ಸಲ್ಲೂ ಹೆಗಲ ಮೇಲಿಂದ ಕೈ ತೆಗೆಯಲ್ಲ ನೋಡಿ” ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು.

ಹೀಗಿರುವಾಗ ಹಳೆಯ ತಂತಿ ಕಚೇರಿಯ ಕಟ್ಟಡವನ್ನು ಮ್ಯೂಸಿಯಂ ಮಾಡುವ ಕೆಲಸ ಶುರುವಾಯಿತು. ನೆಲಮಾಳಿಗೆಯಲ್ಲಿ ಮುರಿದ ಕುರ್ಚಿಗಳ ಕೆಳಗೆ ಒಂದು ಟೆಲಿಪ್ರಿಂಟರ್ ಸಿಕ್ಕಿತಂತೆ, ಲಾರಿಯವರ ಕಣ್ಣಿಗೆ ಬೀಳದೆ ಉಳಿದದ್ದು. ಅದರ ಉಸ್ತುವಾರಿ ಹೊತ್ತಿದ್ದ ಮ್ಯೂಸಿಯಂ ಮೇಡಂ ಅವರಿವರನ್ನು ವಿಚಾರಿಸಿ ಮನೆಗೇ ಬಂದರು. ಮಷೀನು ಓಡುವಂತಾದರೆ ಜನರ ಮುಂದೆ ಓಡಿಸುವುದು, ಓಡಿಸಿ ವಿವರಿಸುವ ಕೆಲಸ ಮೇಸ್ತ್ರಿಯದು. ಓಡದಿದ್ದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು. “ಏನಂತೀರಿ ಮೇಸ್ತ್ರಿಗಳೇ?” ಎಂದರು. ಹೆಗಲ ಮೇಲೆ ಬೆರಳುಗಳು ಓಡಿದವು. ಮೇಸ್ತ್ರಿಯ ಮುಖ ಹಬ್ಬದ ಮನೆಯಂತಾಯಿತು.

ಮೇಡಂ ಹೋದ ಮೇಲೆ ಆಪರೇಟರಮ್ಮ, ನಿಮಗೆ ಕಿವಿ ಕೇಳಿಸುವುದಿಲ್ಲವೆಂದು ಅವರಿಗೆ ಹೇಳಿಬಿಡೋಣ ಎಂದು ಒತ್ತಿದಳು.

“ಹುಚ್ಚಾ ನಿನಗೆ? ಕಿವಿ ಕೇಳಿಸದವನ ಕೈಗೆ ಮಷೀನು ಕೊಡ್ತಾರಾ? ಸುಮ್ನೆ ನನ್ನ ಜೊತೆ ಬಾ, ಕೈ ಹೆಗಲ ಮೇಲಿರ್ಲಿ” ಅಂದ.

ಹೋದರು. ಅದೇ ಮೆಟ್ಟಿಲು, ಅದೇ ಮಹಡಿ. ಎರಡು ಸಾಲು ಇದ್ದ ಜಾಗದಲ್ಲಿ ಈಗ ಒಂದೇ ಒಂದು ಮಷೀನು, ಮೇಜಿನ ಮೇಲೆ. ಮೇಸ್ತ್ರಿ ಅದರ ಮುಚ್ಚಳ ತೆಗೆದು ಒಳಗೆ ಇಣುಕಿದ. ಧೂಳು ಊದಿದ, ಗಟ್ಟಿಯಾಗಿದ್ದ ಹಳೇ ಎಣ್ಣೆಯನ್ನು ಸೀಮೆಎಣ್ಣೆಯಲ್ಲಿ ತೊಳೆದ, ತುಕ್ಕು ಕೆರೆದ, ಸವೆದ ಸ್ಪ್ರಿಂಗುಗಳನ್ನು ತನ್ನ ತಗಡಿನ ಡಬ್ಬಿಯಲ್ಲಿದ್ದವುಗಳಿಂದ ಬದಲಾಯಿಸಿದ. ಕೆಲವು ಮಧ್ಯಾಹ್ನಗಳು ಹೀಗೇ ಕಳೆದವು. ಮೇಡಂ ಪಕ್ಕದಲ್ಲೇ ಕೂತು, “ಇದೇನು? ಅದ್ಯಾಕೆ ಹಾಗಿದೆ?” ಎಂದು ಕೇಳುವರು, ಬೆರಳುಗಳು ಹೆಗಲಿಗೆ ತಲುಪಿಸುವವು, ಮೇಸ್ತ್ರಿ ಬಾಯ್ತುಂಬ ಉತ್ತರಿಸುವನು. ಕೇಳುವವರು ಸಿಕ್ಕಿದ್ದೇ ಅವನಿಗೆ ಸ್ವರ್ಗ.

ಮೋಟಾರು ತಿರುಗಿದ ದಿನ ಅವನು ಜೇಬಿನಿಂದ ಶ್ರುತಿಕವೆ, ಅಂದರೆ ಟ್ಯೂನಿಂಗ್ ಫೋರ್ಕ್ ತೆಗೆದ. ಸಂಗೀತದವರು ಅದನ್ನು ಕಿವಿಗೆ ಹಿಡಿಯುತ್ತಾರೆ. ಟೆಲಿಪ್ರಿಂಟರಿನವರು ಕಣ್ಣಿಗೆ ಹಿಡಿಯುತ್ತಾರೆ. ಅವರ ಕವೆಯ ಎರಡು ತುದಿಗಳಿಗೆ ಪುಟ್ಟ ತಗಡು, ತಗಡುಗಳ ನಡುವೆ ಸೀಳು. ಮಂಡಿಗೆ ಬಡಿದು ಆ ಸೀಳಿನಿಂದ ಮೋಟಾರಿನ ಚಕ್ರದ ಕಪ್ಪುಬಿಳಿ ಪಟ್ಟೆಗಳನ್ನು ನೋಡಬೇಕು. ವೇಗ ಸರಿಯಿದ್ದರೆ, ಚಕ್ರ ಗಿರ್ರನೆ ತಿರುಗುತ್ತಿದ್ದರೂ ಪಟ್ಟೆಗಳು ನಿಂತಂತೆ ಕಾಣುತ್ತವೆ. ಮೇಸ್ತ್ರಿ ನೋಡಿ, ಮೇಡಂಗೂ ತೋರಿಸಿದ. ಅವರು ಚಿಕ್ಕ ಹುಡುಗಿಯ ಹಾಗೆ ಕವೆಯನ್ನು ಕೈಬಿಡಲೇ ಇಲ್ಲ.

ಇನ್ನು ಉಳಿದದ್ದು ಅಕ್ಷರ ಹೊಡೆದು ನೋಡುವುದು. ಆ ತುದಿಯಲ್ಲಿ ಬೇರೆ ಮಷೀನಿಲ್ಲದ್ದರಿಂದ ಕೀಲಿಗಳ ತಂತಿಯನ್ನು ತಿರುಗಿಸಿ ಇದೇ ಮಷೀನಿಗೆ ಕಟ್ಟಿದ್ದ. ಅಲ್ಲೇ ಎಡವಟ್ಟಾಯಿತು. ಕೀಲಿಗಳ ಮುಂದೆ ಆಪರೇಟರಮ್ಮನೇ ಕೂರಬೇಕು. ಕೂತರೆ ಎರಡೂ ಕೈ ಕೀಲಿಯ ಮೇಲೆ, ಮೇಸ್ತ್ರಿಯ ಹೆಗಲು ಖಾಲಿ.

ಅವಳು ಟೈಪು ಮಾಡಿದಳು, ಮಷೀನು ಹೊಡೆಯಿತು. ಆದರೆ ಆಗೊಮ್ಮೆ ಈಗೊಮ್ಮೆ ಒಂದು ತಪ್ಪು ಅಕ್ಷರ. ಆ ತಪ್ಪಿಗೊಂದು ಕ್ರಮವಿದ್ದಿದ್ದರೆ ಕಾಗದ ನೋಡಿಯೇ ಯಾವ ಪಟ್ಟಿ ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಒಮ್ಮೆ ಇದು, ಒಮ್ಮೆ ಅದು, ಆಮೇಲೆ ಎಷ್ಟೋ ಸಾಲು ಸರಿ. ಇಂಥದಕ್ಕೆ ಇದ್ದದ್ದು ಒಂದೇ ಮದ್ದು: ಕಣ್ಣು ಮುಚ್ಚಿ ಕೇಳುವುದು. ಮೇಸ್ತ್ರಿ ಕಣ್ಣು ಮುಚ್ಚಿದ. ಏನೂ ಇಲ್ಲ, ದಿಂಬಿನೊಳಗೆ ಮುಖ ಹುದುಗಿಸಿದಂತೆ.

“ಟೀ ತರಿಸ್ಲಾ ಮೇಸ್ತ್ರಿಗಳೇ?” ಹಿಂದಿನಿಂದ ಮೇಡಂ ಕೇಳಿದರು.

ಅರೆಕ್ಷಣ ಕಣ್ಣು ಬಿಟ್ಟಾಗ ಮಷೀನಿನ ಹೊಳಪಿನಲ್ಲಿ ಅವರ ನೆರಳು ಅಲ್ಲಾಡಿದ್ದು ಕಂಡು ಮೇಸ್ತ್ರಿ, “ಹೌದು, ಅದು ಸವೆದುಹೋಗಿದೆ, ಬದಲಾಯಿಸಬೇಕು” ಅಂದು ಮತ್ತೆ ಕಣ್ಣು ಮುಚ್ಚಿದ.

ಮೇಡಂ ಮತ್ತೆ ಕೇಳಿದರು. ಸ್ವಲ್ಪ ಜೋರಾಗಿ ಕೇಳಿದರು. ಆಮೇಲೆ ಅವನ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಟೈಪು ಮಾಡುತ್ತಿದ್ದ ಆಪರೇಟರಮ್ಮನ ಬೆರಳು ಕೀಲಿ ತಪ್ಪಿತು. ಮೇಸ್ತ್ರಿ ಮಾತ್ರ ಕಣ್ಣು ಮುಚ್ಚಿಕೊಂಡು ಕೂತೇ ಇದ್ದ.

ಮೇಡಂ ಕೆಟ್ಟವರಲ್ಲ. ತಗ್ಗಿದ ದನಿಯಲ್ಲೇ ಹೇಳಿದರು: “ಅಮ್ಮಾ, ಅವರಿಗೆ ಕಿವಿ ಕೇಳಿಸಲ್ಲ ಅಲ್ವಾ? ಇದು ಕರೆಂಟಿನ ಮಷೀನು. ಓಡ್ತಾ ಇರೋವಾಗ ತಪ್ಪೆಲ್ಲಿದೆ ಅಂತ ಒಳಗೆ ಕೈ ಹಾಕ್ತಾರೆ, ಕೂಗಿದ್ರೂ ಕೇಳಿಸಲ್ಲ. ಏನಾದ್ರೂ ಆದ್ರೆ ನಾನು ಯಾರಿಗೆ ಉತ್ತರ ಕೊಡ್ಲಿ? ಇಷ್ಟು ಮಾಡಿದ್ದೇ ದೊಡ್ಡದು. ಗಾಜಿನ ಪೆಟ್ಟಿಗೇಲಿ ಇಡೋಣ. ಪಕ್ಕದಲ್ಲಿ ಅವರ ಫೋಟೋ ಹಾಕಿಸ್ತೀನಿ.”

ಟೈಪು ನಿಂತು ಕೈಕೆಳಗಿನ ಮೇಜಿನ ಅದುರು ತಗ್ಗಿದಾಗ ಮೇಸ್ತ್ರಿ ಕಣ್ಣು ಬಿಟ್ಟ. “ಏನಂತೆ?” ಎಂದು ಹೆಂಡತಿಯನ್ನು ಕೇಳಿದ.

ಅವಳು ಬೇಕಿದ್ದರೆ ಬೇರೆ ಏನಾದರೂ ಹೇಳಬಹುದಿತ್ತು. ಆದರೆ ಆಪರೇಟರು ಬಂದದ್ದನ್ನು ಬಂದಂತೆ ಕಳಿಸಬೇಕು, ಸಾವಾಗಲಿ ಮದುವೆಯಾಗಲಿ ಒಂದಕ್ಷರ ತಿದ್ದುವ ಹಾಗಿಲ್ಲ. ಆ ಅಭ್ಯಾಸದಲ್ಲೇ ಕೂದಲು ಬೆಳ್ಳಗಾದವಳು ಅವಳು. ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟು ಎಲ್ಲವನ್ನೂ ಒತ್ತಿದಳು. ಕಿವಿ, ಕರೆಂಟು, ಗಾಜು, ಫೋಟೋ. ಒತ್ತಿ ಮುಗಿಸಿ ಬೆರಳುಗಳನ್ನು ಅಲ್ಲೇ ಬಿಟ್ಟಳು. ಐದನ್ನೂ ಒಟ್ಟಿಗೆ ಒತ್ತಿ ಅಳಿಸಲು ಅದು ಅವಳ ಮಾತಾಗಿರಲಿಲ್ಲ.

ಮೇಸ್ತ್ರಿ ಸ್ಕ್ರೂಡ್ರೈವರುಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡ. ಬಾಗಿಲ ಹತ್ತಿರ ನಿಂತು, “ನನ್ನ ಫೋಟೋ ಬೇಡ ಅಂತ ಹೇಳು” ಎಂದ. ಅಷ್ಟೇ.

ಮನೆಯಲ್ಲಿ ಸಂಜೆಯ ಬೆಳಕಿಗೆ ಮೇಜಿನ ಮುಂದೆ ಕೂತು, ಸಾಮಾನುಗಳನ್ನು ಒಂದೊಂದಾಗಿ ಎಣ್ಣೆ ಬಟ್ಟೆಯಲ್ಲಿ ಸುತ್ತಿಡತೊಡಗಿದ. ಇನ್ನು ಬಿಚ್ಚುವುದಿಲ್ಲವೆಂದು ಸುತ್ತುವವನ ಕೈ ಬೇರೆಯೇ ಇರುತ್ತದೆ, ಗಂಟು ಬಲವಾಗಿ ಬೀಳುತ್ತದೆ. ಶ್ರುತಿಕವೆಯ ಸರದಿ ಬಂದಾಗ ಕೈಗೆ ಅಂಟಿದ ಚಾಳಿ, ಮಂಡಿಗೊಮ್ಮೆ ಬಡಿದ. ತುದಿಗಳು ನಡುಗಿ ಮಸುಕಾದವು. ಅಷ್ಟರಲ್ಲಿ ಕಿವಿಯ ಹಿಂದೆ ಏನೋ ತುರಿಸಿತು. ಕವೆ ಹಿಡಿದ ಕೈಯಲ್ಲೇ ಅದರ ಹಿಡಿಯಿಂದ ಕೆರೆದುಕೊಂಡ.

ತಲೆಯ ನಡುಮಧ್ಯದಲ್ಲಿ ಗುಂಯ್ ಎಂದಿತು.

ಮೇಸ್ತ್ರಿ ಬೆಚ್ಚಿ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಕವೆಯನ್ನು ಮತ್ತೆ ಬಡಿದು ಕಿವಿಯ ಮುಂದೆ ಹಿಡಿದ: ಏನೂ ಇಲ್ಲ. ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದ: ಗುಂಯ್. ಹಣೆಗೆ ಒತ್ತಿದ: ಗುಂಯ್. ಗಲ್ಲಕ್ಕೆ, ಮೂಗಿನ ಬುಡಕ್ಕೆ, ನೆತ್ತಿಗೆ. ಅವಮಾನ, ದುಃಖ ಎಲ್ಲ ಎತ್ತಲೋ ಹೋಯಿತು. ಗಡಿಯಾರ ಬಿಚ್ಚಿದ ಹುಡುಗ ಎದ್ದು ಕೂತಿದ್ದ. ಆಪರೇಟರಮ್ಮ ಒಳಗೆ ಬಂದಾಗ ಅವನು ಕವೆಯ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಣ್ಣರಳಿಸಿ ಕೂತಿದ್ದ.

“ಅಯ್ಯೋ, ಇದೇನ್ರೀ? ಬುದ್ಧಿ ನೆಟ್ಟಗಿದೆಯಾ?” ಎಂದು ಅವಳು ಓಡಿಬಂದಳು.

ಅವನು ಕವೆಯನ್ನು ಬಾಯಿಂದ ತೆಗೆದು, “ಲೈನ್ ಫಾಲ್ಟು ಕಣೇ! ಬರೀ ಲೈನ್ ಫಾಲ್ಟು!” ಎಂದು ಕೂಗಿದ.

ಕೆಲಸದಲ್ಲಿದ್ದಷ್ಟು ಕಾಲ, ಎಲ್ಲಿಂದ ದೂರು ಬಂದರೂ ಅವನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಕೆಟ್ಟಿರುವುದು ಲೈನೋ, ಮಷೀನೋ? ಲೈನು ಕೆಟ್ಟರೆ ಮಷೀನಿಗೆ ಏನೂ ಆಗಿರುವುದಿಲ್ಲ; ಬೇರೆ ದಾರಿಯಲ್ಲಿ ಮಿಡಿತ ಕಳಿಸಿದರೆ ಹೊಡೆಯುತ್ತದೆ. ಅದನ್ನು ನೋಡದೆ ಮಷೀನು ಬಿಚ್ಚಲು ಹೋದವರನ್ನು ಅವನು ಎಷ್ಟು ಗೇಲಿ ಮಾಡಿದ್ದನೋ. ತನ್ನ ಕಿವಿಯ ವಿಷಯಕ್ಕೆ ಬಂದಾಗ ಆ ಪ್ರಶ್ನೆಯನ್ನೇ ಕೇಳಿರಲಿಲ್ಲ. ಗಾಳಿಯಲ್ಲಿ ಬರುವ ಸದ್ದಿನ ದಾರಿ ಎಲ್ಲೋ ಕಟ್ಟಿಕೊಂಡಿದೆ. ಒಳಗಿನ ಮಷೀನು ಹಾಗೇ ಇದೆ, ಇಷ್ಟು ವರ್ಷವೂ ಹಾಗೇ ಕಾದಿತ್ತು. ಕ್ಯಾರೆಟ್ಟಿನ ಸದ್ದಿಗೂ ಈಗ ಅರ್ಥ ಹೊಳೆದು ತನ್ನ ತಲೆಗೆ ತಾನೇ ಮೊಟಕಿಕೊಂಡ.

ಮರುದಿನ ಮಧ್ಯಾಹ್ನ ಇಬ್ಬರೂ ಮ್ಯೂಸಿಯಮ್ಮಿಗೆ ಹೋದರು. ಗಾಜಿನ ಪೆಟ್ಟಿಗೆಯ ಅಳತೆ ತೆಗೆಯಲು ಬಡಗಿ ಬಂದಿದ್ದ. ಮೇಸ್ತ್ರಿ ನೇರವಾಗಿ ಮೇಡಂ ಮುಂದೆ ನಿಂತು, “ನನಗೆ ಕಿವಿ ಕೇಳಿಸಲ್ಲ, ನಿಜ. ನಿಮಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ಮಷೀನು ಓಡ್ತಿರೋವಾಗ ಒಳಗೆ ಕೈ ಹಾಕಲ್ಲ, ಮಾತು ಕೊ‌ಡ್ತೀನಿ. ಹೊರಗಿನ ಮೈಗೆ ಇದನ್ನ ತಾಗಿಸ್ತೀನಿ, ಅಷ್ಟೇ. ಒಂದೇ ಒಂದು ಸಲ ಬಿಡಿ” ಎಂದು ಚೀಲದಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದ. ಮೇಡಂ ಅವನ ಮುಖ ನೋಡಿದರು, ಬಡಗಿಯ ಮುಖ ನೋಡಿದರು. “ನೀವು ಸ್ವಲ್ಪ ಕೂತಿರಿ” ಎಂದು ಬಡಗಿಗೆ ಹೇಳಿದರು.

ಆಪರೇಟರಮ್ಮ ಕೀಲಿಗಳ ಮುಂದೆ ಕೂತಳು. ಮೇಸ್ತ್ರಿ ಸ್ಕ್ರೂಡ್ರೈವರಿನ ಚೂಪು ತುದಿಯನ್ನು ಮಷೀನಿನ ಚೌಕಟ್ಟಿಗೆ ಊರಿದ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದ, ಕಣ್ಣು ಮುಚ್ಚಿದ. ಅವಳು ಟೈಪು ಮಾಡತೊಡಗಿದಳು.

ಬಂತು. ಒಂದೇ ಏಟಿಗೆ ಎಲ್ಲವೂ ಬಂತು. ಮೋಟಾರಿನ ಗುನುಗು, ಪಟ್ಟಿಗಳು ಸರಿಯುವ ಸರಸರ, ಕಡ್ಡಿ ಸಂದಿಗೆ ಬೀಳುವ ಟಪ್, ಅಕ್ಷರ ಕಾಗದಕ್ಕೆ ಬಡಿಯುವ ಪೆಟ್ಟು. ಮೇಸ್ತ್ರಿಯ ಮುಚ್ಚಿದ ಕಣ್ಣುಗಳಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಕೆಲಸ ಮೊದಲು ಎಂದು ತನ್ನನ್ನು ತಾನೇ ಗದರಿಸಿಕೊಂಡು, ತುದಿಯನ್ನು ಚೌಕಟ್ಟಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ಸರಿಸುತ್ತ ಹೋದ. ಇಲ್ಲಿ ಸರಿ. ಇಲ್ಲೂ ಸರಿ. ಬಲಮೂಲೆಗೆ ಬಂದಾಗ, ದಂಡ ಸುತ್ತು ಮುಗಿಸಿ ಕೊಕ್ಕೆಗೆ ಬಡಿದು ನಿಲ್ಲುವ ಕಡೆ, ‘ಟಕ್’ ಅನ್ನಬೇಕಾದದ್ದು ಆಗೊಮ್ಮೆ ಈಗೊಮ್ಮೆ ‘ಟ-ಟಕ್’ ಅಂದಿತು. ನಿಂತ ದಂಡ ಕೂದಲಷ್ಟು ಹಿಂದಕ್ಕೆ ಪುಟಿಯುತ್ತಿತ್ತು. ಪುಟಿದ ಸಲವೆಲ್ಲ ಮುಂದಿನ ಅಕ್ಷರಕ್ಕೆ ತಡವಾಗಿ ಹೊರಡುತ್ತಿತ್ತು.

“ಸಿಕ್ಕಿತು ಕಳ್ಳ. ನಿಲ್ಸು” ಅಂದ. ಪ್ಲಗ್ಗು ಕಿತ್ತು, ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟ. ದಂಡ ಪುಟಿಯದಂತೆ ತಡೆಯುವ ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು. ಮೇಡಂ ಕನ್ನಡಕ ತೆಗೆದು ಹಾಕಿ ನೋಡಿದರೂ ಸಿಗಲಿಲ್ಲ, ಅವನು ಬಗ್ಗಿಸಿ ತೋರಿಸಿದಾಗ, “ಅರೆ, ಹೌದಲ್ಲ!” ಎಂದರು. ತಗಡಿನ ಡಬ್ಬಿಯಲ್ಲಿ ತಡಕಾಡಿ ಅಂಥದ್ದೇ ಇನ್ನೊಂದನ್ನು ಹಾಕಿದ. ಆಪರೇಟರಮ್ಮ ಮತ್ತೆ ಟೈಪು ಮಾಡಿದಳು. ಕಾಗದ ಸುರುಳಿ ಬಿಚ್ಚಿಕೊಂಡು ಮೇಜು ದಾಟಿ ನೆಲಕ್ಕೆ ಇಳಿಯಿತು, ಒಂದಕ್ಷರವೂ ತಪ್ಪಲಿಲ್ಲ.

ಮೇಡಂಗೆ ತಡೆಯಲಾಗಲಿಲ್ಲ. ಸ್ಕ್ರೂಡ್ರೈವರ್ ಕಿತ್ತುಕೊಂಡು ತಮ್ಮ ಕಿವಿಯ ಹಿಂದೆ ಒತ್ತಿಕೊಂಡರು. “ಅಮ್ಮಾ, ತಲೆಯೊಳಗೇ ಕಾರ್ಖಾನೆ ನಡೀತಿದೆ!” ಎಂದು ಕಿರುಚಿದರು. ಬಡಗಿಯೂ ತನ್ನ ಸರದಿಗೆ ಕಾದು ಕೇಳಿದ. ಇದನ್ನು ಜನರಿಗೂ ಕೇಳಿಸಬೇಕು, ಗಾಜು ಬೇಡವೇ ಬೇಡ, ಕೆಳಗಿನವರನ್ನೆಲ್ಲ ಈಗಲೇ ಕರೆತರುತ್ತೇನೆ ಎಂದು ಮೇಡಂ ಮೆಟ್ಟಿಲಿಳಿದು ಓಡಿದರು. ಬಡಗಿ ಅಳತೆಪಟ್ಟಿ ಸುತ್ತಿಕೊಂಡು ಅವರ ಹಿಂದೆ ಹೋದ.

ಕೋಣೆಯಲ್ಲಿ ಗಂಡಹೆಂಡತಿ ಇಬ್ಬರೇ ಉಳಿದರು. ಮೇಸ್ತ್ರಿ ಮಷೀನಿನ ಕಡೆ ನೋಡಲಿಲ್ಲ. ಅವನ ತಲೆ ಆಗಲೇ ಮುಂದಕ್ಕೆ ಓಡಿತ್ತು. ಉಕ್ಕಿನಿಂದ ಮೂಳೆಗೆ ಸದ್ದು ದಾಟುತ್ತದೆ, ಸರಿ. ಮೂಳೆಯಿಂದ ಮೂಳೆಗೆ ದಾಟದೆ ಇರುತ್ತದೆಯೇ?

ಆಪರೇಟರಮ್ಮ ಏನೋ ಹೇಳಲೆಂದು ಅವನ ಹೆಗಲಿಗೆ ಕೈ ಚಾಚಿದಳು. ಅವನು ಆ ಕೈ ಹಿಡಿದು ಕೆಳಗಿಳಿಸಿದ. “ಬೆರಳು ಬೇಡ. ಬಾಯಲ್ಲಿ ಹೇಳು” ಎಂದು ಬಗ್ಗಿ, ತನ್ನ ಕಿವಿಯ ಹಿಂದಿನ ಮೂಳೆಯನ್ನು ಅವಳ ಹಣೆಗೆ ಒತ್ತಿ ನಿಂತ.

ಅವಳು ಕಕ್ಕಾಬಿಕ್ಕಿಯಾಗಿ ಬಾಗಿಲ ಕಡೆ ನೋಡಿದಳು. ಏನು ಹೇಳುವುದೆಂದು ತೋಚದೆ, ತೋಚಿದ್ದನ್ನು ಹೇಳಿದಳು.

“ಗಡ್ಡ ಚುಚ್ಚುತ್ತೆ ರೀ.”

ಕೇಳಿಸಿತು. ಒಂದೊಂದು ಅಕ್ಷರವೂ ಕೇಳಿಸಿತು. ಆದರೆ ಅವನು ಕಾದಿದ್ದ ದನಿ ಅದಲ್ಲ. ಇಷ್ಟು ವರ್ಷ ಹೆಗಲ ಮೇಲೆ ಅವಳ ಬೆರಳು ಒತ್ತಿದ್ದನ್ನೆಲ್ಲ ಅವನ ತಲೆಯೊಳಗೆ ಓದಿ ಹೇಳುತ್ತಿದ್ದದ್ದು ಎಣ್ಣೆ ಸಾಕು ಎಂದು ಗದರಿಸಿದ ಹುಡುಗಿಯ ದನಿ. ಈಗ ಬಂದದ್ದು ಕೊಂಚ ನಡುಗುವ, ಅಂಚು ಸವೆದ, ವಯಸ್ಸಾದ ಹೆಂಗಸಿನ ದನಿ. ಇದು ಯಾವಾಗ ಹೀಗಾಯಿತು? ದಿನವೂ ಪಕ್ಕದಲ್ಲೇ ಕೂತು ಊಟ ಮಾಡಿದ್ದ. ಜನ ಆಡಿಕೊಂಡಾರೆಂಬ ಹಾಳು ಜಂಬಕ್ಕೆ ಅವಳು ಮುದುಕಿಯಾದದ್ದನ್ನು ಕೇಳಿಸಿಕೊಳ್ಳದೆಯೇ ಕಳೆದುಬಿಟ್ಟಿದ್ದ. ಮೇಸ್ತ್ರಿಗೆ ದುಃಖ ಒತ್ತರಿಸಿ ಬಂತು.

“ಯಾಕ್ರೀ ಸುಮ್ನಾದ್ರಿ? ಕೇಳಿಸ್ಲಿಲ್ವಾ?” ಅಂದಳು.

“ಕೇಳಿಸ್ತು” ಅಂದ. ಮೆಟ್ಟಿಲ ಮೇಲೆ ಜನ ಬರುತ್ತಿದ್ದರು. ಅವಳು ಹಿಂದೆ ಸರಿಯಲು ನೋಡಿದಳು, ಅವನು ತಲೆ ಎತ್ತಲಿಲ್ಲ. “ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗೋಣ. ಅಲ್ಲೀವರೆಗೂ ನೀನು ಮಾತಾಡ್ತಾನೇ ಇರು.”